ಬಿಸಿ ಇರಬೇಕು

ಇಪ್ಪತ್ತೆರಡು ವರ್ಷದಲ್ಲಿ ಅಣ್ಣ ನನ್ನಲ್ಲಿ ಕೇಳಿದ್ದು ಒಂದೇ:
ನನ್ನ ಉಚ್ಚೆ.

ಬೈತಖೋಲದ ಐಸ್ ಫ್ಯಾಕ್ಟರಿಗೆ
ಗಡ್ಡೆ ಒಡೆಯುವ ಯಂತ್ರ ನಿಂತ ಹೊತ್ತು ನೋಡಿ ಬಂದ.
ಕೈಯಲ್ಲಿ ಕೆಮ್ಮಿನ ಔಷಧದ ಖಾಲಿ ಬಾಟಲಿ,
ಲೇಬಲ್ಲು ಉಗುರಿನಿಂದ ಕೆರೆದದ್ದು.
"ನೀ ಏನೂ ತಗೊಳ್ಳೂದಿಲ್ಲಲ್ಲ?"
ಚಹಾ ಬಿಟ್ಟರೆ ಇಲ್ಲ, ಅಂದೆ.

ಅಣ್ಣನೆಂದರೆ ರೋಹಿದಾಸ. ಭಾರ ಎತ್ತುವವ.
ಮೀನು ಮಾರ್ಕೆಟ್ಟಿನ ಎದುರು ಹನ್ನೆರಡಡಿ ಫ್ಲೆಕ್ಸಿನಲ್ಲಿ
ಕಾರವಾರದ ಹೆಮ್ಮೆ.
ಅವನ ಕಾಲ ಬುಡದಲ್ಲಿ ಶುಭ ಕೋರುವ ಮೂವತ್ತನಾಲ್ಕು ಮುಖ;
ಒಬ್ಬನೂ ಒಂದು ಡಜನ್ ಮೊಟ್ಟೆ ಕೊಡಿಸಿದವನಲ್ಲ.
ಬಂಗಡೆ ಕೊಳ್ಳುತ್ತ ಆಯಿಗೆ ಕೇಳುತ್ತಿದ್ದರು,
"ಈ ಸಲ ಬಂಗಾರವೇ ಅಲ್ಲವೇ?"
ಆಯಿ ಪಾಲಿಗೆ ಒಂದು ಮೀನು ಹೆಚ್ಚು ಹಾಕುತ್ತಿದ್ದಳು.
ಆ ಹೆಚ್ಚಿನ ಮೀನೆಲ್ಲ ಸೇರಿ
ಅಣ್ಣನ ಕಬ್ಬಿಣದ ತುದಿಗೆ ತೂಗುತ್ತಿದ್ದವು.

ಮೊದಲ ಸಲ ಯಾವಾಗ, ಕೇಳಿದೆ.
ಅವನು ಹೇಳಿದ್ದು ಸೂಜಿಯ ಸುದ್ದಿಯಲ್ಲ.
ಕ್ಯಾಂಪಿನ ಸ್ನಾನದ ಮನೆ, ಗೋಡೆಯುದ್ದ ಕನ್ನಡಿ,
ಎಂಟು ಜನ. ಏಳು ಜನರಿಗೆ ಹೆಗಲು.
"ನಾನು ಟವೆಲ್ ಹೊದ್ದುಕೊಂಡೆ. ಅವತ್ತೇ."
ಮಾಸ್ತರರು ಏನೂ ಹೇಳಲಿಲ್ಲವಂತೆ.
ಮೇಜಿನ ಮೇಲೆ ಪೊಟ್ಟಣ ಇಟ್ಟು
ಕಿಟಕಿಯಾಚೆಯ ಕಾಗೆ ನೋಡಿದರಂತೆ.
ವಿಟಮಿನ್ ಎಂಬ ಶಬ್ದವನ್ನು ಇಬ್ಬರೂ ಸೇರಿ ನಂಬಿದರು.
ಆಮೇಲೆ ಎಲ್ಲರೂ ಎಂಬ ಶಬ್ದವನ್ನು.
ಆಮೇಲೆ, ರೈಲ್ವೆ ನೌಕರಿ ಆಗುವತನಕ ಮಾತ್ರ.

ಅಪ್ಪ ನೆನಪಾದ.
ರಂಪಣಿ ಎಳೆದೆಳೆದು ಹಗ್ಗದಂತೆ ಹುರಿಗಟ್ಟಿದ ಆ ಮೈಯನ್ನು
ಯಾರೂ ಮೈಯೆಂದು ನೋಡಲಿಲ್ಲ, ಫೋಟೋ ತೆಗೆಯಲಿಲ್ಲ.
ನಡುರಾತ್ರಿ ದೋಣಿಗೆ ಇಳಿಯುವ ಮೊದಲು ಎರಡು ಗುಟುಕು ಫೆನ್ನಿ;
ಅದಕ್ಕೆ ಧೈರ್ಯವೆಂದರು.
ಅವನ ಮುಂದೆ ಬಾಟಲಿ ಹಿಡಿದು ನಿಂತು
ತುಂಬಿಸು ಎಂದವರಿಲ್ಲ.

ಕೊಟ್ಟೆ. ಪಂದ್ಯದ ಬೆಳಿಗ್ಗೆ, ಶೆಡ್ಡಿನ ಹಿಂದೆ,
ಮೀನಿನ ಕ್ರೇಟುಗಳ ಮರೆಯಲ್ಲಿ.
ಸುಳ್ಳೇಕೆ, ಹೆಮ್ಮೆಯೇ ಆಯಿತು.
ಶಾಲೆಯ ಓಟದಲ್ಲಿ ಯಾವತ್ತೂ ಕೊನೆಯವ ನಾನು;
ನನ್ನದೂ ಏನೋ ಒಂದು ರಾಜ್ಯಮಟ್ಟಕ್ಕೆ ಹೊರಟಿತ್ತು.
"ಬಿಸಿ ಇರಬೇಕು ಮಾರಾಯ," ಎಂದು
ಕಂಕುಳಿಗೆ ಸೇರಿಸಿ ಜಾಕೆಟ್ಟಿನ ಜಿಪ್ ಎಳೆದ,
ಬಿದ್ದ ಹಕ್ಕಿಮರಿಯನ್ನು ಎತ್ತಿಕೊಂಡವನ ಹಾಗೆ.

ಮಾಲಾದೇವಿ ಮೈದಾನದ ಶಾಮಿಯಾನ.
ನೂರ ಅರವತ್ತೆರಡು. ಮೊಣಕಾಲು ನಡುಗಿತು, ನಿಂತಿತು.
ಊರು ಶಿಳ್ಳೆಯಾಯಿತು.
ಆಗ ಚೀಟಿ ಹಿಡಿದವ ಬಂದ, ದೂರದ ಹಿಂದಿಯಲ್ಲಿ ಹೇಳಿದ:
ಒಳಗೆ ನಾನೂ ಬರುತ್ತೇನೆ,
ಅಂಗಿ ಎದೆಯತನಕ, ಚಡ್ಡಿ ಮೊಣಕಾಲತನಕ,
ಎದುರಿಗೇ ನಿಂತು ನೋಡುತ್ತೇನೆ.

ಅಣ್ಣ ನಕ್ಕ. ಜಾಕೆಟ್ ಹಾಕಿಕೊಂಡು ನನ್ನತ್ತ ಬಂದು
ಗಟ್ಟಿಯಾಗಿ ಅಪ್ಪಿಕೊಂಡ.
ಹಿಂದೆ ಯಾವತ್ತೂ ಅಪ್ಪಿದವನಲ್ಲ.
ಬೆವರು, ಬಾಮಿನ ವಾಸನೆ,
ನನ್ನ ಕಿಸೆಗೆ ಜಾರಿದ ಬಾಟಲಿ.
ಮೊಬೈಲುಗಳು ಮೇಲೆದ್ದವು: ಅಣ್ಣ ತಮ್ಮಂದಿರು!
ಆ ಫೋಟೋ ಈಗಲೂ ಯಾರ ಯಾರ ಹತ್ತಿರವೋ ಇದೆ.

ಮೂರು ತಾಸು, ಹನ್ನೊಂದು ಲೋಟ ನೀರು.
ಆ ಮೈ ಏನನ್ನೂ ಬಿಟ್ಟುಕೊಡಲಿಲ್ಲ.
ಹೊರಗೆ ನನ್ನ ತೊಡೆಗೆ ತಾಗಿ ಕೂತ ಬಾಟಲಿ
ನಿಧಾನ ಆರುತ್ತಿತ್ತು.

ಫ್ಲೆಕ್ಸು ಈಗ ಮನೆಯಲ್ಲಿದೆ.
ಆಯಿ ಅದರ ಮೇಲೆ ಸೀಗಡಿ ಒಣಗಿಸುತ್ತಾಳೆ, ಮುಖ ಕೆಳಗೆ ಮಾಡಿ.
ಕೊಳ್ಳುವವರು ತಾವೇ ಒಂದು ಬಂಗಡೆ ಹೆಚ್ಚು ಎತ್ತಿಕೊಳ್ಳುತ್ತಾರೆ.
ಅವಳು ಏನೂ ಅನ್ನುವುದಿಲ್ಲ.

ಮೊನ್ನೆ ಕೋಡಿಬಾಗದಿಂದ ಒಬ್ಬ ಹುಡುಗ ಬಂದ.
ಹದಿನೇಳೋ ಹದಿನೆಂಟೋ, ಮೀಸೆಯ ನೆರಳಷ್ಟೆ.
ಬೈಯಲಿಕ್ಕೆ ಬಂದನೆಂದುಕೊಂಡೆ. ಹತ್ತಿರ ಸರಿದು ಕೇಳಿದ:
"ನಿಮ್ಮ ಅಣ್ಣ ತಗೊಳ್ಳುತ್ತಿದ್ದರಲ್ಲ, ಅದರ ಹೆಸರು ಗೊತ್ತುಂಟಾ?"

ಗೊತ್ತಿತ್ತು.
ಯಂತ್ರ ಚಾಲೂ ಮಾಡಿದೆ.
ಆ ಗದ್ದಲದಲ್ಲಿ ಅವನು ಕಾಯುತ್ತ ನಿಂತ,
ಮೇ ತಿಂಗಳ ಸೆಖೆಯಲ್ಲಿ,
ಹೆಗಲ ತುಂಬ ಟವೆಲ್ ಹೊದ್ದು.